ಶಾಲು ಸಾಕು, ಸಂಬಳ ಕೊಡಿ

ಕಳೆದ ಮಾರ್ಚ್ 8ರಂದು ನಮ್ಮ ಮಹಿಳಾ ಸಮಾಜದವರು ಒಬ್ಬ ಹೆಂಗಸಿಗೆ ಸನ್ಮಾನ ಮಾಡಿದೆವು. ಆ ಹೆಂಗಸು ಮಾತ್ರ ಸನ್ಮಾನಕ್ಕೆ ಬರಲೇ ಇಲ್ಲ. ವೇದಿಕೆಯ ಮೇಲೆ ಅವಳ ಕುರ್ಚಿ ಖಾಲಿ. ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಅವಳ ಹೆಸರು ಕೆತ್ತಿಸಿದ್ದ ಗಾಜಿನ ಫಲಕ ಎಲ್ಲವೂ ಹಿತ್ತಾಳೆ ಹರಿವಾಣದಲ್ಲಿ ಕಾದು ಕೂತಿದ್ದವು. "ಸೌಜನ್ಯಕ್ಕಾದರೂ ಬರಬೇಡವೇನ್ರೀ?" ಎಂದು ನಮ್ಮ ಖಜಾಂಚಿ ನನ್ನ ಕಿವಿಯಲ್ಲಿ ಗೊಣಗಿದರು. ಕೊನೆಗೆ ಆಕೆ ಕೆಲಸ ಮಾಡುವ ಸಂಸ್ಥೆಯ ಕಾರ್ಯದರ್ಶಿಗಳೇ ಅವಳ ಪರವಾಗಿ ಶಾಲು ಹೊದೆಸಿಕೊಂಡರು. ಮಾರನೆಯ ದಿನ ಪತ್ರಿಕೆಯಲ್ಲಿ ಮಹಿಳಾ ದಿನಾಚರಣೆಯ ಫೋಟೋ ಬಂತು. ಶಾಲು ಹೊದ್ದು ನಗುತ್ತಿದ್ದವರು ಗಂಡಸು. ನಾವೆಲ್ಲ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆವು.

ಆಕೆ ನಮ್ಮೂರಿನ ನಿರ್ಗತಿಕರ ಆಶ್ರಯ ಕೇಂದ್ರದಲ್ಲಿ ರಾತ್ರಿ ಪಾಳಿಯವಳು. ಬಸ್‌ಸ್ಟ್ಯಾಂಡಿನ ಹಿಂದೆ ನಗರಸಭೆಯ ಹಳೆಯ ಕಟ್ಟಡವೊಂದಿದೆ. ಬಾಗಿಲ ಮೇಲೆ ಬೋರ್ಡೂ ಇದೆ. ಆದರೆ ನಾವು ಆ ಬೀದಿಯಲ್ಲಿ ಮೂಗಿಗೆ ಸೆರಗು ಹಿಡಿದು ಬೇಗ ಬೇಗ ಹೆಜ್ಜೆ ಹಾಕುವುದರಿಂದ ಬಹಳ ಜನ ಅದನ್ನು ಓದಿರುವುದಿಲ್ಲ. ಫಲಕ ತಲುಪಿಸುವ ನೆಪದಲ್ಲಿ ಎರಡು ದಿನ ಬಿಟ್ಟು ನಾನು ಅಲ್ಲಿಗೆ ಹೋದೆ. ಯಾಕೆ ಬರಲಿಲ್ಲ ಎಂದು ಸ್ವಲ್ಪ ಬಿಗುವಿನಿಂದಲೇ ಕೇಳಿದೆ. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದವಳ ದನಿ ಸುಲಭಕ್ಕೆ ಬದಲಾಗುವುದಿಲ್ಲ ನೋಡಿ.

"ನಾನು ಬಂದಿದ್ರೆ ಇಲ್ಲಿ ಯಾರಿರ್ತಿದ್ರು ಮೇಡಂ?" ಎಂದಳು.

ಅಷ್ಟೇ ವಿಷಯ. ಹಗಲು ಪಾಳಿಯವನು ಒಬ್ಬ ಮುದುಕನನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋಗಿದ್ದ. ಸಂಜೆ ಏಳಕ್ಕೆ ಬರಬೇಕಾದವಳು ಅಂದು ಮಧ್ಯಾಹ್ನ ಎರಡಕ್ಕೇ ಬಂದು ಕೂತಿದ್ದಳು. ಮೂರನೆಯವಳು ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಅವಳನ್ನು ಕೊಂಡಾಡಲು ಒಂದು ಸಭೆಯನ್ನೇ ಕರೆದ ನಾವು ಹದಿನೈದು ಜನ ಪದಾಧಿಕಾರಿಗಳಲ್ಲಿ ಒಬ್ಬರಿಗೂ, ಅವಳು ಬರಬೇಕಾದರೆ ಆ ಹೊತ್ತು ಅಲ್ಲಿ ಬೇರೆ ಯಾರಾದರೂ ಕೂರಬೇಕು ಎಂಬುದು ಹೊಳೆದಿರಲಿಲ್ಲ.

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. "ಬರೀಬೇಡಿ ಮೇಡಂ, ಇರೋದೂ ಹೋದೀತು" ಎಂದಿದ್ದಾಳೆ. ಇರುವುದೆಂದರೆ ತಿಂಗಳಿಗೆ ಎಂಟು ಸಾವಿರ. ಅದೂ ಆಗ ಐದು ತಿಂಗಳಿಂದ ಬಂದಿರಲಿಲ್ಲ. ನಗರಸಭೆಯಿಂದ ಸಂಸ್ಥೆಗೆ ಬಿಲ್ಲು ಪಾಸಾಗಿಲ್ಲವೆಂದು ಸಂಸ್ಥೆಯವರು, ಸಂಸ್ಥೆ ಲೆಕ್ಕಪತ್ರ ಕೊಟ್ಟಿಲ್ಲವೆಂದು ನಗರಸಭೆಯವರು. ಇಬ್ಬರ ಮಾತೂ ನಿಜವಿರಬಹುದು. ಆದರೆ ಅವಳ ಮನೆ ಬಾಡಿಗೆಗೆ, ಪಿಯುಸಿ ಓದುವ ಮಗಳ ಬಸ್ ಪಾಸಿಗೆ ಈ ನಿಜಗಳಿಂದ ಏನೂ ಆಗಬೇಕಾಗಿಲ್ಲ.

ಆ ಸಂಜೆ ಅಲ್ಲಿ ಕೂತವಳು ರಾತ್ರಿ ಹನ್ನೊಂದರವರೆಗೆ ಕೂತೆ. ಆಮೇಲೂ ಹಲವು ಸಲ ಹೋದೆ. ಏನು ಕೆಲಸ ಅವಳದು ಎಂದು ನಿಮಗೆ ಹೇಳಬೇಕು, ಏಕೆಂದರೆ ನಮ್ಮ ಸನ್ಮಾನ ಪತ್ರದಲ್ಲಿ "ದೀನದಲಿತರ ಪಾಲಿನ ಮಾತೆ" ಎಂದಿತ್ತೇ ಹೊರತು ಅವಳು ಮಾಡುವುದೇನೆಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಪತ್ರ ಬರೆದವಳು ನಾನೇ.

ಎಂಟು ಗಂಟೆಯ ಹೊತ್ತಿಗೆ ಒಬ್ಬೊಬ್ಬರೇ ಬರುತ್ತಾರೆ. ಹಗಲೆಲ್ಲ ಚಿಂದಿ ಆಯ್ದವರು, ಹೋಟೆಲಿನಲ್ಲಿ ಲೋಟ ತೊಳೆದವರು, ಮಂಡಿಯಲ್ಲಿ ಮೂಟೆ ಹೊತ್ತವರು, ಮಕ್ಕಳು ಬಸ್ಸು ಹತ್ತಿಸಿ ಕೈಬಿಟ್ಟ ತಾಯಂದಿರು. ರಿಜಿಸ್ಟರಿನಲ್ಲಿ ಹೆಸರು, ಊರು, ವಯಸ್ಸು, ಹೆಬ್ಬೆಟ್ಟು. ಹೆಸರು ಹೇಳದವರ ಮುಂದೆ ಅವಳೊಂದು ಗೆರೆ ಎಳೆದು ಬಿಡುತ್ತಾಳೆ, ತಾನಾಗಿ ಹೆಸರಿಡುವುದಿಲ್ಲ. "ಅವರ ಹೆಸರು ಅವರತ್ರ ಇರುತ್ತೆ, ಒಂದಿನ ಬಾಯಿಗೆ ಬರುತ್ತೆ" ಎನ್ನುತ್ತಾಳೆ. ಕುಡಿದು ಬಂದವನನ್ನು ಗೋಡೆ ಕಡೆಗೆ ಒಂದು ಮಗ್ಗುಲಾಗಿ ಮಲಗಿಸಬೇಕು, ಅಂಗಾತ ಮಲಗಿದರೆ ವಾಂತಿ ಗಂಟಲಿಗೆ ಸಿಕ್ಕಿ ಪ್ರಾಣ ಹೋಗಬಹುದು. ಹೇನು ಬಿದ್ದ ತಲೆ ಬೋಳಿಸುವ ಮೊದಲು ಅರ್ಧ ಗಂಟೆ ಮಾತಾಡಿ ಒಪ್ಪಿಸಬೇಕು, ಒಪ್ಪಿಸದೆ ಕೈ ಇಟ್ಟರೆ ಅದು ಮಾನಭಂಗವೇ ಸರಿ. ಸಕ್ಕರೆ ಕಾಯಿಲೆಯ ಅಜ್ಜನ ಕಾಲಿನ ಗಾಯಕ್ಕೆ ಹುಳು ಬಿದ್ದಿತ್ತು. ಅದನ್ನು ಸಲೈನ್ ನೀರಿನಲ್ಲಿ ತೊಳೆದು ಇಕ್ಕಳದಿಂದ ಒಂದೊಂದೇ ತೆಗೆಯುವಾಗ ಅವಳು ಆ ಅಜ್ಜನೊಂದಿಗೆ ಮಳೆ ಬೆಳೆಯ ಮಾತಾಡುತ್ತಿದ್ದಳು. ಕೈಗವಸು ಅವಳದೇ, ಮೆಡಿಕಲ್ ಶಾಪಿನಿಂದ ತನ್ನ ದುಡ್ಡಿನಲ್ಲಿ ತಂದದ್ದು. ನಾನು ಹೊರಗೆ ಬಂದು ಗೋಡೆ ಹಿಡಿದು ನಿಂತೆ.

ಹೋದ ಮಳೆಗಾಲದಲ್ಲಿ ಪೊಲೀಸರು ಒಬ್ಬ ಹೆಂಗಸನ್ನು ತಂದು ಬಿಟ್ಟರಂತೆ. ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕವಳು, ಬುದ್ಧಿ ಸ್ವಾಧೀನದಲ್ಲಿಲ್ಲ, ಮಾತೇ ಇಲ್ಲ. ಹದಿನೇಳು ದಿನ ಅವಳು ಒಂದು ಶಬ್ದವನ್ನೂ ಆಡಲಿಲ್ಲ. ಈಕೆ ಏನು ಮಾಡಿದಳು ಗೊತ್ತೆ? ರಾತ್ರಿ ಎಲ್ಲ ಮಲಗಿದ ಮೇಲೆ ಮೊಬೈಲಿನಲ್ಲಿ ಸಣ್ಣಗೆ ಹಾಡು ಹಾಕತೊಡಗಿದಳು. ಒಂದು ದಿನ ತೆಲುಗು, ಒಂದು ದಿನ ಹಿಂದಿ, ಮರಾಠಿ, ಬಂಗಾಳಿ. ಒಡಿಯಾ ಹಾಡು ಹಾಕಿದ ರಾತ್ರಿ ಆ ಹೆಂಗಸು ತಲೆಯೆತ್ತಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಡ ಕೆಲಸಕ್ಕೆ ಬಂದಿದ್ದ ಒಡಿಶಾದ ಹುಡುಗನೊಬ್ಬನನ್ನು ಮಾರನೆಯ ದಿನ ಕರೆಸಿದರು. ಎರಡು ವಾರದಲ್ಲಿ ಊರು ಗೊತ್ತಾಯಿತು, ತಮ್ಮ ಬಂದು ಕರೆದುಕೊಂಡು ಹೋದ.

ಇಂಥವರನ್ನು ಪೊಲೀಸರು 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ತೋರಿಸಬೇಕು, ಕಾಣೆಯಾದವರೆಂದು ಎಫ್.ಐ.ಆರ್. ದಾಖಲಿಸಿ ಮನೆಯವರನ್ನು ಪತ್ತೆ ಮಾಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲೇ ಇದೆ. ಕಾಯಿದೆ ಪುಸ್ತಕದಲ್ಲಿತ್ತು. ಕೆಲಸವನ್ನು ಎಂಟು ಸಾವಿರದವಳು ಮಾಡಿದಳು. ಇದು ಬರೀ ಕರುಣೆಯಿಂದ ಆಗುವ ಕೆಲಸವಲ್ಲ ಎಂಬುದನ್ನು ಗಮನಿಸಿ. ಕರುಣೆ ನನಗೂ ಇದೆ. ಹಾಡು ಹಾಕಿ ನೋಡುವ ಬುದ್ಧಿ ನನಗೆ ಬರುತ್ತಿರಲಿಲ್ಲ.

ಸತ್ತರೂ ಅವಳದೇ ಕೆಲಸ. ವಾರಸುದಾರರಿಲ್ಲದ ಹೆಣಕ್ಕೆ ಪೊಲೀಸು, ಪಂಚನಾಮೆ, ಶವಾಗಾರದ ಮುಂದೆ ಕಾಯುವುದು, ಹೇಳಿಕೆ ಬರೆಸಿ ಸಹಿ ಹಾಕುವುದು. ಅಂದಿನ ರಾತ್ರಿ ಮತ್ತೆ ಪಾಳಿ. ಮನೆಯಲ್ಲಿ ತನ್ನವರು ಸತ್ತರೆ ನಮಗೆ ಹನ್ನೊಂದು ದಿನ ಸೂತಕವಿದೆ. ಅವಳಿಗೆ ಒಂದು ದಿನ ರಜೆಯಿಲ್ಲ.

ಈಗ ನನ್ನ ಮನೆಯ ಕತೆಯನ್ನೂ ಹೇಳಿಬಿಡುತ್ತೇನೆ, ಬರೀ ಊರಿನವರನ್ನು ಬೈದರೆ ಆಗದು. ಎರಡು ವರ್ಷದ ಹಿಂದೆ ನನ್ನ ಕಿರಿಯ ಮಗನ ಆರತಕ್ಷತೆ. ಏಪ್ರಿಲ್ ತಿಂಗಳು. ಮಿಕ್ಕಿದ ಬಿಸಿಬೇಳೆಬಾತನ್ನು, ಮೊಸರನ್ನವನ್ನು "ಚೆಲ್ಲಿದರೆ ಪಾಪ, ಆಶ್ರಯ ಕೇಂದ್ರಕ್ಕೆ ಕೊಟ್ಟರೆ ಪುಣ್ಯ" ಎಂದು ರಾತ್ರಿ ಹನ್ನೊಂದೂವರೆಗೆ ಆಟೋದಲ್ಲಿ ಕಳಿಸಿದೆವು. ಉಂಡು ಮಲಗಿದವರನ್ನು ಎಬ್ಬಿಸಲಾರದೆ ಅವಳು ಪಾತ್ರೆಗಳನ್ನು ಮುಚ್ಚಿಟ್ಟಳು. ಬೆಳಿಗ್ಗೆ ತಾನೇ ಮೊದಲು ಬಾಯಿಗಿಟ್ಟು ನೋಡಿದಳು, ಹಳಸಿತ್ತು. ಹಿತ್ತಲಲ್ಲಿ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದಳು. ಮೂರು ದೊಡ್ಡ ಪಾತ್ರೆ ಉಜ್ಜಿ ತೊಳೆದಿಟ್ಟಳು. ಅಡಿಗೆಯವರ ಹುಡುಗ ಪಾತ್ರೆ ತರಲು ಹೋದಾಗ ಒಂದು ಸೌಟು ಕಡಿಮೆ ಬಂತು. ಸೌಟಿಗಾಗಿ ಕೇಂದ್ರಕ್ಕೆ ಫೋನು ಮಾಡಿ, "ಅಲ್ಲಿರೋರು ಎಂಥೆಂಥವರೋ, ಸರಿಯಾಗಿ ಹುಡುಕಿ" ಎಂದವಳು ನಾನು. ಆ ಸೌಟು ಕೊನೆಗೆ ಕಲ್ಯಾಣಮಂಟಪದಲ್ಲೇ ಸಿಕ್ಕಿತು. ಸಿಕ್ಕಿತೆಂದು ಹೇಳಲು ಮಾತ್ರ ನಾನು ಫೋನು ಮಾಡಲಿಲ್ಲ. ಅವಳಿಗೆ ಅದು ನೆನಪಿದೆ. ನಗುತ್ತಾ ಹೇಳಿದಳು, ನನಗೆ ನಗು ಬರಲಿಲ್ಲ.

ನಾವು ಅಲ್ಲಿಗೆ ಹೋಗುವುದೇ ಹುಟ್ಟುಹಬ್ಬಕ್ಕೆ, ತಿಥಿಗೆ, ಮದುವೆಯ ವಾರ್ಷಿಕೋತ್ಸವಕ್ಕೆ. ಕೇಕು ಕತ್ತರಿಸಿ ಅವರಿಂದ ಹಾಡು ಹಾಡಿಸಿ ಫೋಟೋ ತೆಗೆದು ಬರುತ್ತೇವೆ. ಶ್ರಾವಣ ಮಾಸದಲ್ಲಿ ಒಂದೇ ದಿನ ಮೂರು ಮನೆಯವರ ಪಾಯಸ ಬರುತ್ತದಂತೆ, ಆಷಾಢದಲ್ಲಿ ಬೇಳೆಗೂ ಪರದಾಟವಂತೆ. ಪಾಯಸ ಕೊಡುವವರ ಪಟ್ಟಿ ದೊಡ್ಡದಿದೆ. ಫಿನಾಯಿಲ್ ಕೊಡುತ್ತೇವೆ, ಹೊದಿಕೆ ಒಗೆಯುವ ಸೋಪು ಕೊಡುತ್ತೇವೆ ಎಂದು ಬಂದವರು ಒಬ್ಬರೂ ಇಲ್ಲ. ಸಂಬಳದ ಮಾತಂತೂ ದೂರ.

ಸನ್ಮಾನದ ದಿನ ನಮ್ಮ ಮುಖ್ಯ ಅತಿಥಿಗಳು ಆಯ್ದಕ್ಕಿ ಲಕ್ಕಮ್ಮನ ಕತೆ ಹೇಳಿದರು. ಕಾಯಕ ಮಾಡುವವಳಿಗೆ ಹಣದ ಆಸೆ ಇರಬಾರದು ಎಂಬುದು ಅವರ ತಾತ್ಪರ್ಯ. ನಾನೂ ತಲೆದೂಗಿದ್ದೆ. ಮನೆಗೆ ಬಂದು ಯೋಚಿಸಿದರೆ ಲಕ್ಕಮ್ಮ ಹೇಳಿದ್ದು ಅದಲ್ಲವೇ ಅಲ್ಲ. ಗಂಡ ಮಾರಯ್ಯ ದಿನದ ಕಾಯಕಕ್ಕೆ ಮೀರಿ ಹೆಚ್ಚು ಅಕ್ಕಿ ತಂದಾಗ, ಈ ಹೆಚ್ಚಿನದು ನಮಗೆ ಬೇಡ, ತಂದಲ್ಲೇ ಸುರಿದು ಬನ್ನಿ ಎಂದಳು. ದುಡಿದದ್ದಕ್ಕೆ ಸಲ್ಲಬೇಕಾದ ಅಕ್ಕಿಯನ್ನೂ ಬಿಟ್ಟು ಬನ್ನಿ, ಐದು ತಿಂಗಳು ಕಾಯೋಣ ಎಂದು ಅವಳೆಲ್ಲಿ ಹೇಳಿದಳು? ಹೆಚ್ಚಿನ ಅಕ್ಕಿ ಯಾರ ಮನೆಯಲ್ಲಿದೆಯೋ ಅವರಿಗೆ ಹೇಳಿದ ಮಾತನ್ನು ಖಾಲಿ ಮಡಕೆಯವಳಿಗೆ ಉಪದೇಶ ಮಾಡುವ ನಮ್ಮ ಜಾಣತನಕ್ಕೆ ಏನೆನ್ನಬೇಕು!

ಗೆಳತಿಯರೇ, ಈ ಜಾಣತನ ನಮಗೆ ಹೊಸದಲ್ಲ, ನಮ್ಮ ಮೇಲೇ ಪ್ರಯೋಗವಾದದ್ದು. ಮನೆಯಲ್ಲಿ ನಾವು ಮಹಾಲಕ್ಷ್ಮಿಯರು, ಅನ್ನಪೂರ್ಣೆಯರು. ಆದರೆ ಕೈಯಲ್ಲಿ ಹತ್ತು ರೂಪಾಯಿ ಬೇಕಾದರೆ ಲೆಕ್ಕ ಒಪ್ಪಿಸಬೇಕು. ದೇವಿ ಎಂದು ಕರೆದವರಿಗೆ ಕೂಲಿ ಕೊಡಬೇಕಾಗಿಲ್ಲವೆಂಬುದನ್ನು ಈ ದೇಶ ಬಹಳ ಹಿಂದೆಯೇ ಕಂಡುಕೊಂಡಿದೆ. ಸರಕಾರವೂ ಅದನ್ನೇ ಕಲಿತು ಅದಕ್ಕೊಂದು ಚೆಂದದ ಹೆಸರಿಟ್ಟಿತು: ಗೌರವಧನ. 1975ರಲ್ಲಿ ಅಂಗನವಾಡಿ ಶುರುವಾಯಿತು. ಅಲ್ಲಿನ ಕಾರ್ಯಕರ್ತೆಯರಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ನಡುವೆ ನಲವತ್ತೇಳು ವರ್ಷ! ಬಿಸಿಯೂಟದವರು, ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಬಿಸಿಲು ಚಳಿಯೆನ್ನದೆ ಕೂತು ಕೇಳಿದ್ದೂ ಈ ಮಾತನ್ನೇ. ಅವರಾದರೂ ಸಾವಿರಾರು ಜನ, ಒಟ್ಟಾಗಿ ಕೂರಬಲ್ಲರು. ಊರಿಗೊಂದು ಆಶ್ರಯ ಕೇಂದ್ರ, ಅದರಲ್ಲಿ ಇಬ್ಬರೋ ಮೂವರೋ. ಇವರು ಕೂತರೆ ಯಾರಿಗೆ ಕಂಡೀತು? ಕೂರುವುದಾದರೂ ಹೇಗೆ, ಪಾಳಿ ಬಿಟ್ಟು?

ಇಂಥ ಕೇಂದ್ರಗಳು ಯಾರೋ ಧರ್ಮಾತ್ಮರು ಕಟ್ಟಿಸಿದ ಛತ್ರಗಳು ಎಂದು ನಾನೂ ತಿಳಿದಿದ್ದೆ. ಅಲ್ಲ. 2010ರಲ್ಲಿ ಸುಪ್ರೀಂ ಕೋರ್ಟು, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯ ಕೇಂದ್ರ ಇರಲೇಬೇಕೆಂದಿತು. 2011ರ ಜನಗಣತಿಯವರು ಫೆಬ್ರವರಿ 28ರ ಒಂದು ರಾತ್ರಿ ಬೀದಿ ಬೀದಿ ಸುತ್ತಿ ಎಣಿಸಿದಾಗ ದೇಶದಲ್ಲಿ ಮನೆಯಿಲ್ಲದವರು 17 ಲಕ್ಷಕ್ಕೂ ಮಿಕ್ಕಿ ಸಿಕ್ಕಿದ್ದರು. ಆಮೇಲೆ 2013ರಲ್ಲಿ ಕೇಂದ್ರ ಸರಕಾರದ ನಗರ ಜೀವನೋಪಾಯ ಅಭಿಯಾನ ಬಂತು. ಅದರ ನಿಯಮ ಕೇಳಿ: ಐವತ್ತು ಜನರ ಒಂದು ಕೇಂದ್ರಕ್ಕೆ ಒಬ್ಬ ವ್ಯವಸ್ಥಾಪಕರು, ಎಂಟೆಂಟು ಗಂಟೆಯ ಪಾಳಿಯಲ್ಲಿ ಕಡಿಮೆಯೆಂದರೆ ಮೂವರು ಪಾಲಕರು. ನಿರ್ವಹಣೆಗೆ ವರ್ಷಕ್ಕೆ 6 ಲಕ್ಷ ರೂಪಾಯಿ.

ಆರು ಲಕ್ಷವೆಂದರೆ ದೊಡ್ಡ ಮೊತ್ತವೆನಿಸುತ್ತದೆ. ನಾವು ಮನೆಖರ್ಚು ತೂಗಿಸುವವರು, ಲೆಕ್ಕ ಹಾಕೋಣ. ತಿಂಗಳಿಗೆ 50 ಸಾವಿರ. ವಿದ್ಯುತ್ತು, ನೀರು, ಸೋಪು, ಫಿನಾಯಿಲ್, ಹರಿದ ಹೊದಿಕೆ, ಕೆಟ್ಟ ನಲ್ಲಿ ಯಾವುದಕ್ಕೂ ಒಂದು ಕಾಸು ತೆಗೆಯದೆ ಅಷ್ಟನ್ನೂ ನಾಲ್ವರಿಗೆ ಹಂಚಿದರೆ ತಲೆಗೆ 12,500. ತಲೆಯ ಲೆಕ್ಕ ಇನ್ನೊಂದು ಕಡೆಯಿಂದ ಹಾಕಿದರೆ, ಮಲಗುವ ಒಬ್ಬ ಮನುಷ್ಯನಿಗೆ ದಿನಕ್ಕೆ ಮೂವತ್ತಮೂರು ರೂಪಾಯಿ. ಊರಲ್ಲಿ ಎರಡು ಕಾಫಿಯ ದುಡ್ಡು. ಆ ಅಭಿಯಾನದ ಅವಧಿಯೂ 2024ರ ಸೆಪ್ಟೆಂಬರಿಗೆ ಮುಗಿಯಿತು. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟು ಕಾಲವೂ ರಾತ್ರಿಗಳು ಇದ್ದೇ ಇರುತ್ತವೆ, ಜನ ಬರುತ್ತಲೇ ಇರುತ್ತಾರೆ, ಬಾಗಿಲು ತೆರೆಯುವವಳೂ ಇರಬೇಕು.

ಇನ್ನೊಂದು ಸಂಗತಿ. ನಿಮ್ಮ ಮನೆ ಕಂದಾಯದ ರಸೀತಿ ತೆಗೆದು ನೋಡಿ. ಗಂಡಸರ ಬೀರುವಿನಲ್ಲಿರುತ್ತದೆ, ಇರಲಿ, ಕೇಳಿ ತೆಗೆಸಿ. ಆರೋಗ್ಯ ಕರ, ಗ್ರಂಥಾಲಯ ಕರದ ಕೆಳಗೆ ಭಿಕ್ಷುಕರ ಕರ ಎಂದು ನೂರಕ್ಕೆ ಮೂರು ರೂಪಾಯಿ ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಕರ ಅದು. ಬೀದಿಯಲ್ಲಿ ಬೇಡುವವರನ್ನು ಹಿಡಿದು ಇಡುವ ಪರಿಹಾರ ಕೇಂದ್ರಗಳಿಗೆ ಆ ಹಣ. ನಾನು ಹೇಳುತ್ತಿರುವ ಆಶ್ರಯ ಕೇಂದ್ರ ಬೇರೆ. ಇಲ್ಲಿ ಯಾರನ್ನೂ ಹಿಡಿದು ತರುವುದಿಲ್ಲ, ಬೆಳಿಗ್ಗೆ ಎದ್ದು ಹೋಗಬಹುದು. ಆದರೂ ಆ ಕರದ ಮಾತು ಎತ್ತಿದ್ದಕ್ಕೆ ಕಾರಣವಿದೆ. ಅಂಥ ಕೇಂದ್ರಗಳಲ್ಲಿ ದೊಡ್ಡದು ಬೆಂಗಳೂರಿನ ಮಾಗಡಿ ರಸ್ತೆಯದು. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪತ್ರಿಕೆಗಳಲ್ಲಿ ದಿನವೂ ಬಂತು, ಎಲ್ಲರೂ ಅಯ್ಯೋ ಎಂದೆವು. ಒಬ್ಬ ಮನುಷ್ಯನಿಗೆ ಜ್ವರ ಬಂದದ್ದು ಮೊದಲು ಗೊತ್ತಾಗಬೇಕಾದದ್ದು ಪಕ್ಕದಲ್ಲಿರುವ ಪಾಲಕನಿಗೆ. ಅವನನ್ನು ಕಸಕ್ಕಿಂತ ಕಡೆಯಾಗಿ ನಡೆಸಿಕೊಂಡು, ಅವನು ಮಾತ್ರ ಇನ್ನೊಬ್ಬರನ್ನು ಮನುಷ್ಯರಂತೆ ನೋಡಿಕೊಳ್ಳಲಿ ಎಂದರೆ ಹೇಗೆ?

ಸಂಬಳದ ಮಾತೆತ್ತಿದಾಗ ಸಮಾಜದ ಸಭೆಯಲ್ಲಿ ನನಗೆ ಬಂದ ಉತ್ತರಗಳನ್ನೂ ಹೇಳಬೇಕು. ಸೋಮಾರಿಗಳನ್ನು ಸಾಕುವ ಕೇಂದ್ರವೇ ಬೇಡ ಎಂದವರೊಬ್ಬರು. ಅವರಿಗೆ ನಾನು ಉತ್ತರ ಹೇಳುವುದಿಲ್ಲ, ಒಂದು ದಿನ ಬೆಳಗಿನ ಐದಕ್ಕೆ ಬಂದು ಅವರು ಎದ್ದು ಎಲ್ಲಿಗೆ ಹೊರಡುತ್ತಾರೆಂದು ನೋಡಿದರೆ ಸಾಕು. ಎರಡನೆಯ ಉತ್ತರ ಹೆಚ್ಚು ನಯವಾದದ್ದು: "ಸಂಬಳಕ್ಕೆ ನಿಂತರೆ ಪ್ರೀತಿ ಎಲ್ಲಿಂದ ಬರುತ್ತೆ? ಸೇವಾ ಮನೋಭಾವ ಹೋಗಿಬಿಡುತ್ತೆ." ಹೀಗೆಂದವರ ಯಜಮಾನರು ಡಾಕ್ಟರು. ನಾನು ತಿಂಗಳು ತಿಂಗಳು ಸಂಬಳ ಎಣಿಸಿಕೊಂಡೇ ಮೂವತ್ತು ವರ್ಷ ಪಾಠ ಹೇಳಿದೆ, ಈಗ ಪಿಂಚಣಿ ಬರುತ್ತಿದೆ. ನನ್ನ ಹುಡುಗರ ಮೇಲಿನ ಪ್ರೀತಿ ಸಂಬಳದ ದಿನ ಕಡಿಮೆಯಾದದ್ದು ನನಗೆ ಗೊತ್ತಿಲ್ಲ. ಸಂಬಳ ತಡವಾದ ತಿಂಗಳು ಮಾತ್ರ ಸ್ವಲ್ಪ ಬೆತ್ತ ಆಡಿಸಿರಬಹುದು.

ಮೂರನೆಯ ಮಾತು ನನ್ನನ್ನು ನಿಲ್ಲಿಸಿದ್ದು ನಿಜ. "ಅವಳಿಗೇ ಬೇಡ ಅನ್ನಿಸಿದರೆ ಬಿಟ್ಟು ಹೋಗಬಹುದಲ್ಲ, ಮನೆಗೆಲಸಕ್ಕೆ ಹೋದರೂ ಇದಕ್ಕಿಂತ ಸಿಗುತ್ತದೆ" ಎಂದರು. ಇದನ್ನು ಅವಳನ್ನೇ ಕೇಳಿದೆ. ಹೊದಿಕೆ ಮಡಿಸುತ್ತಾ ಇದ್ದವಳು ನಿಲ್ಲಿಸಲಿಲ್ಲ. "ಹೋಗಬಹುದು. ಮೂರ್ನಾಲ್ಕು ಸಲ ಹೊರಟೂ ಇದ್ದೆ. ನಾಳೆ ಬರಲ್ಲ ಅಂತ ಯಾರಿಗೆ ಹೇಳ್ಲಿ ಮೇಡಂ? ಆಫೀಸಿಗೆ ಹೇಳಬಹುದು. ಇವರಿಗೆ?" ಎಂದಳು. ಆಮೇಲೆ ತುಸು ಸಿಟ್ಟಿನಲ್ಲೇ, "ನಾನು ಬಿಡಲ್ಲ ಅಂತ ಅವರಿಗೂ ಗೊತ್ತು, ಅದಕ್ಕೇ ಕೊಡಲ್ಲ" ಎಂದೂ ಸೇರಿಸಿದಳು. ನಾನು ಇಷ್ಟೆಲ್ಲ ಪುಟ ಬರೆದು ಹೇಳುತ್ತಿರುವುದನ್ನು ಅವಳು ಹೊದಿಕೆ ಮಡಿಸುತ್ತಾ ಹೇಳಿದ್ದಳು.

ಹಾಗಾಗಿ ಈ ವರ್ಷದಿಂದ ಸನ್ಮಾನ ಬೇಡವೆಂದು ಸಮಾಜದಲ್ಲಿ ಜಗಳ ತೆಗೆದೆ. ಶಾಲು, ಹಾರ, ಫಲಕ, ಶಾಮಿಯಾನ, ಅತಿಥಿಗಳ ಕಾರಿನ ಬಾಡಿಗೆ ಸೇರಿ ಆ ಒಂದು ಸಂಜೆಗೆ ಇಪ್ಪತ್ತೆರಡು ಸಾವಿರ ಖರ್ಚಾಗಿತ್ತು, ಅವಳ ಎರಡೂಮುಕ್ಕಾಲು ತಿಂಗಳ ಸಂಬಳ. ಆದರೆ ಆ ದುಡ್ಡನ್ನು ಅವಳಿಗೆ ದಾನ ಕೊಡೋಣವೆಂದು ಅಧ್ಯಕ್ಷೆಯವರು ಹೇಳಿದಾಗ ಅದಕ್ಕೂ ಒಪ್ಪಲಿಲ್ಲ. ದಾನವಾದರೆ ಮತ್ತೆ ನಾವೇ ದೊಡ್ಡವರು, ಅವಳು ಕೈಚಾಚಿದವಳು. ಕೇಳಬೇಕಾದದ್ದು ನಗರಸಭೆಯನ್ನು. ಮೂರನೆಯ ಪಾಳಿಗೆ ಜನ ತುಂಬಿ, ಪ್ರತಿ ತಿಂಗಳು ನಿಗದಿಯಾದ ದಿನ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳವನ್ನು ಅವರವರ ಬ್ಯಾಂಕ್ ಖಾತೆಗೆ ಹಾಕಿ, ಪಿ.ಎಫ್. ಕಟ್ಟಿ, ವಾರಕ್ಕೊಂದು ರಜೆ ಕೊಡಿ, ಕ್ಷಯದ ತಪಾಸಣೆ ಮಾಡಿಸಿ, ಕಾಮಾಲೆಯ ಚುಚ್ಚುಮದ್ದು ಹಾಕಿಸಿ, ಕೈಗವಸು ನೀವೇ ತರಿಸಿ ಎಂದು ಅರ್ಜಿ ಬರೆದೆ. ನಾಲ್ಕು ಮಂದಿ ಸಹಿ ಹಾಕಲಿಲ್ಲ, ಹನ್ನೊಂದು ಮಂದಿ ಹಾಕಿದರು. ನಮ್ಮ ಖಜಾಂಚಿ ಮೊದಲು ಹಾಕಿದರು, ಅದು ನನಗೂ ಆಶ್ಚರ್ಯವೇ.

ಕೊಡುವ ಮುಂಚೆ ಅರ್ಜಿಯನ್ನು ಅವಳಿಗೆ ಓದಿ ಹೇಳಿದೆ. ಗಮನವಿಟ್ಟು ಕೇಳಿದಳು. ರಿಜಿಸ್ಟರಿನ ಹಾಳೆಗಳು ಗಾಳಿಗೆ ಹಾರದಂತೆ ಅದರ ಮೇಲೆ ನಮ್ಮ ಗಾಜಿನ ಫಲಕ ಇಟ್ಟಿದ್ದಳು. ಎಲ್ಲ ಸರಿಯಿದೆಯಾ, ಏನಾದರೂ ಬಿಟ್ಟಿದೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬಚ್ಚಲಿಗೆ ಒಳಗಡೆಯಿಂದ ಚಿಲಕ ಇಲ್ಲ ಮೇಡಂ. ರಾತ್ರಿ ಹೋಗೋಕೆ ಭಯ ಆಗುತ್ತೆ. ಅದನ್ನೂ ಬರೀತೀರಾ?" ಎಂದಳು.

ಅದನ್ನು ಎಲ್ಲಕ್ಕಿಂತ ಮೇಲೆ ಬರೆದೆ.